ನಳಿನಿ ಪುರಾಣ

ನನ್ನ ಹತ್ತಿರ ಒಂದು ಕಾದಂಬರಿ ಇದೆ. ಅದರ ಮುಖಪುಟದ ಮೇಲೆ ಲಂಗ ತೊಟ್ಟ ಹುಡುಗಿಯೊಬ್ಬಳು ಸೈಕಲ್ ಹಿಡಿದು ನಿಂತಿದ್ದಾಳೆ. ಚಿತ್ರ ಬರೆದವರು ಆಕೆಯ ಹಣೆಯನ್ನು ಖಾಲಿ ಬಿಟ್ಟಿದ್ದರು. ಈಗ ಅಲ್ಲಿ ಹೆಬ್ಬೆರಳಗಲದ ಕುಂಕುಮ ಇದೆ, ಕೆನ್ನೆಗೆ ಅರಿಷಿಣ ಇದೆ, ಸೈಕಲ್ಲಿನ ಹ್ಯಾಂಡಲ್ ಮೇಲೆ ಊದಿನಕಡ್ಡಿಯ ಕಿಡಿ ಬಿದ್ದು ಸುಟ್ಟ ತೂತೂ ಇದೆ. ಹದಿಹರೆಯದವರಿಗೆಂದು ಬರೆದ ಪುಸ್ತಕಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನೀವು ಬೇರೆಲ್ಲೂ ಕಂಡಿರಲಾರಿರಿ.

ಮೊನ್ನೆ ಅದು ಟ್ರಂಕಿನ ತಳದಿಂದ ಎದ್ದು ಬರಲು ನಮ್ಮ ಹೆಡ್‌ಮಾಸ್ತರರು ಕಾರಣ. ನಾನು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಶಾಲೆಗೆ ಹೊಸದೊಂದು ಕಪಾಟು ಬಂದಿದೆ. ಕಪಾಟು ಬಂದ ಮೇಲೆ, ಅದರೊಳಗೆ ಇಡಲಿಕ್ಕೆ ಪುಸ್ತಕ ಬೇಕಲ್ಲ ಎಂಬುದು ಎಲ್ಲರಿಗೂ ನೆನಪಾಯಿತು.

"ಟೀಚರ್, ನಮ್ಮ ದೊಡ್ಡ ಹುಡುಗ್ರು ಓದುವಂಥಾವು, ಈಗ ಬರ್ಯಾಕತ್ತಿರೋ ಲೇಖಕರ ಹೆಸರು ಒಂದಿಷ್ಟು ಕೊಡ್ರಿ. ಸತ್ತವರು ಬ್ಯಾಡ. ಅವರು ಪಾಠದಾಗ ಅದಾರ," ಎಂದರು.

ಮನೆಗೆ ಬಂದು ಕಾಗದ ಮುಂದಿಟ್ಟುಕೊಂಡು ಕೂತೆ. ಹೆಸರುಗಳೇನೋ ಬಂದವು. ಆದರೆ ಪ್ರತಿ ಹೆಸರಿನ ಬೆನ್ನಿಗೂ ನಮ್ಮ ಆಯಿಯ ದನಿ ಕೇಳತೊಡಗಿತು. ಆಯಿ ಅಂದರೆ ನಮ್ಮಪ್ಪನ ತಾಯಿ. ಆಕೆಗೆ ಅಕ್ಷರ ಗೊತ್ತಿರಲಿಲ್ಲ. ಆದರೂ ನನ್ನ ಹರೆಯದ ಅಷ್ಟೂ ಕಾದಂಬರಿಗಳನ್ನು ಆಕೆಯೇ ನನಗೆ ತಿಳಿಸಿ ಹೇಳಿದ್ದು. ಇದು ಹೇಗೆ ಎಂದು ಕೇಳುತ್ತೀರಿ. ಹೇಳುತ್ತೇನೆ, ಅವಸರ ಮಾಡಬೇಡಿ. ಕಾಗದ ಅವತ್ತು ಖಾಲಿಯೇ ಉಳಿಯಿತು.

ನಾನು ಬೆಳೆದದ್ದು ದೇವದುರ್ಗದಲ್ಲಿ. ಎಪ್ಪತ್ತರ ದಶಕದಲ್ಲಿ ನನ್ನ ವಯಸ್ಸಿನ ಹುಡುಗಿಯರಿಗೆ ಓದಲು ಇದ್ದದ್ದು ಎರಡೇ ಬಗೆ. ಒಂದು, ನರಿ ದ್ರಾಕ್ಷಿ ತಿನ್ನಲಾಗದೆ ಹೋದ ಕತೆ. ಇನ್ನೊಂದು, ಸೊಸೆ ಬಚ್ಚಲಲ್ಲಿ ಕೂತು ಅಳುವ ದಪ್ಪ ಕಾದಂಬರಿ. ನರಿ ಸಾಕಾಗಿತ್ತು, ಸೊಸೆಯಾಗಲು ಇನ್ನೂ ಮನಸ್ಸಿರಲಿಲ್ಲ. ಈ ಎರಡರ ನಡುವೆ, ಹದಿನೈದು ಹದಿನಾರರ ಹುಡುಗ ಹುಡುಗಿಯರ ಸಿಟ್ಟು, ಗೆಳೆತನ, ಹಟಗಳನ್ನು ಬರೆಯುವ ಕೆಲವರು ಆಗಷ್ಟೇ ಕಾಣಿಸಿಕೊಂಡಿದ್ದರು. ತೆಳ್ಳಗಿನ ಪುಸ್ತಕಗಳು, ಒರಟು ಕಾಗದ, ಮುಖಪುಟಕ್ಕೆ ಮಾತ್ರ ಕಣ್ಣು ಕುಕ್ಕುವ ಬಣ್ಣ.

ಅವು ನಮ್ಮ ಮನೆಗೆ ಬರುತ್ತಿದ್ದುದು ಬಸ್ಸಿನಲ್ಲಿ. ನಮ್ಮವ್ವನ ತಮ್ಮ ಬಸಣ್ಣ ಮಾಮಾ ರಾಯಚೂರು-ದೇವದುರ್ಗ ಬಸ್ಸಿನ ಕಂಡಕ್ಟರ್. ರಾಯಚೂರಿನಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಒಬ್ಬ ಸಾಬರ ಅಂಗಡಿಯಿಂದ ವಾರಕ್ಕೊಂದು ತರುತ್ತಿದ್ದ. ಅವನ ವಿಮರ್ಶೆ ಬಹಳ ಸರಳವಾಗಿತ್ತು. "ರಟ್ಟಿನ ಮ್ಯಾಲ ಪಿಸ್ತೂಲಿದ್ರ ನನಗ, ಹುಡುಗಿ ಇದ್ರ ನಿನಗ. ಎರಡೂ ಇದ್ರ ಮೊದಲು ನನಗ," ಎನ್ನುತ್ತಿದ್ದ. ಅದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾನು ಎಂ.ಎ. ಓದುವಾಗಲೂ ಕಾಣಲಿಲ್ಲ.

ಒಂದು ಮಧ್ಯಾಹ್ನ ಪಡಸಾಲೆಯ ಮೂಲೆಯಲ್ಲಿ ಕೂತು ತುಟಿ ಆಡಿಸುತ್ತ ಓದುತ್ತಿದ್ದೆ. ಆಯಿ ಮತ್ತು ಓಣಿಯ ಹೆಂಗಸರು ನಡುವೆ ಶೇಂಗಾ ಸುರಿದುಕೊಂಡು ಒಡೆಯುತ್ತಿದ್ದರು. ಶ್ರಾವಣ ಆಗಷ್ಟೇ ಮುಗಿದಿತ್ತು. ಮಠದಲ್ಲಿ ಹಚ್ಚಿದ್ದ ಪುರಾಣಕ್ಕೆ ಮಂಗಳವಾಗಿತ್ತು. ಅಲ್ಲಿ ಗಂಡಸರು ಮುಂದೆ, ಹೆಂಗಸರು ಕಂಬದ ಹಿಂದೆ. ಮುಂದೆ ಕೂತವರ ರುಮಾಲು ಕಾಣುತ್ತಿತ್ತೇ ಹೊರತು ಪುರಾಣ ಕೇಳುತ್ತಿರಲಿಲ್ಲ ಎಂಬ ಸಿಟ್ಟು ಆಯಿಗೆ ಇನ್ನೂ ಆರಿರಲಿಲ್ಲ.

"ಏ ಗಂಗಿ, ಬಾಯಾಗ ಏನು ಮಣಮಣ ಅಂತಿ? ಓದಿದ್ರ ಒದರಿ ಓದು. ನಾವೇನು ಕಲ್ಲೇನ?" ಎಂದಳು.

ಒದರಿ ಓದಿದೆ. ಒಂದು ಪುಟ ಆಗುವಷ್ಟರಲ್ಲಿ ಪಕ್ಕದ ಮನೆಯ ಸೂಗಮ್ಮ ಕೈಯೆತ್ತಿದಳು. "ನಿಂದರವ್ವಾ. ಇದು ಯಾವ ಸೀಮಿ ಮಾತು? ಓದಾಕಿ ನೀ ಆತು. ಅರ್ಥ ಹೇಳವರು ಯಾರು?"

ಪ್ರಶ್ನೆ ನ್ಯಾಯವಾದದ್ದು. ಪುರಾಣದಲ್ಲಿ ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಬರೀ ಓದಿ ಎದ್ದು ಹೋಗುವುದು ಬುತ್ತಿ ಗಂಟು ಬಿಚ್ಚದೆ ವಾಸನೆ ತೋರಿಸಿದ ಹಾಗೆ. ಆಯಿ ಸೆರಗು ಸರಿಮಾಡಿಕೊಂಡು, ಯಾರೂ ಕರೆಯದಿದ್ದರೂ, ಆ ಪೀಠವನ್ನು ತಾನೇ ಏರಿದಳು.

ಅಲ್ಲಿಂದ ಶುರುವಾಯಿತು. ಪುಸ್ತಕವನ್ನು ನೆಲದ ಮೇಲೆ ಇಡಬಾರದೆಂದು ಊಟದ ತಟ್ಟೆ ಇಡುವ ಅಡ್ಡಣಿಗೆ ಬಂತು. ಅಡ್ಡಣಿಗೆ ಬರಿದಾಗಿರಬಾರದೆಂದು ಅದರ ಮೇಲೆ ಖಣದ ಬಟ್ಟೆ ಬಂತು. ಊದಿನಕಡ್ಡಿ ಬಂತು, ಕರ್ಪೂರ ಬಂತು, ಕೊನೆಗೆ ಹಂಚಲು ಪುಠಾಣಿ ಸಕ್ಕರೆ ಬಂತು. ನಾನು ಓದುತ್ತಿದ್ದುದು ಕಾಲೇಜು ಹುಡುಗರು ಕಳ್ಳಸಾಗಣೆಯವರನ್ನು ಹಿಡಿಯುವ ಕತೆ. ಎದುರಿಗೆ ಹೆಂಗಸರು ಕೈಮುಗಿದು ಕೂತಿರುತ್ತಿದ್ದರು.

ಆಯಿಯ ಅರ್ಥದ ಮುಂದೆ ಮೂಲ ಲೇಖಕರು ಬಡಪಾಯಿಗಳು. ಅವರ ಕತೆಯಲ್ಲಿ ಸದಾ ಮಳೆ. ನಾಯಕಿ ಸ್ವೆಟರ್ ಹಾಕಿಕೊಂಡು ಕಾಫಿ ಹೀರುತ್ತ ಕಿಟಕಿಯಲ್ಲಿ ನಿಲ್ಲುವವಳು. ನಮ್ಮ ಪಡಸಾಲೆಯಲ್ಲಿ ಬೀಸಣಿಗೆ ಬಿಟ್ಟರೆ ಜೀವ ಹೋಗುವ ಸೆಕೆ. ಆಯಿ ಕ್ಷಣ ಯೋಚಿಸಿ, "ಹುಡುಗಿ ಕೌದಿ ಹೊಚ್ಚಿಕೊಂಡು ಚಾ ಕುಡಕೋತ ನಿಂತಾಳವ್ವಾ. ಜ್ವರ ಬಂದಿರಬೇಕು," ಎನ್ನುತ್ತಿದ್ದಳು. ಪಿಕ್‌ನಿಕ್ ಹೋದವರು ಬುತ್ತಿ ಕಟ್ಟಿಕೊಂಡು ಕೃಷ್ಣಾ ಹೊಳಿಗೆ ಹೋದರು. ಬೆಟ್ಟದ ಮೇಲಿನ ಬಂಗಲೆ ದೇವಸುಗೂರಿನ ಗುಡಿಯ ಹಿಂದಿನ ಛತ್ರವಾಯಿತು. ಸೂಗಮ್ಮನ ತವರೂರು ದೇವಸುಗೂರೇ. "ಹೌದು, ಆ ಛತ್ರ ನಾ ನೋಡೀನಿ," ಎಂದು ಆಕೆ ಸಾಕ್ಷಿ ಹೇಳಿದ ಮೇಲೆ ಕಳ್ಳಸಾಗಣೆಯವರು ತಪ್ಪಿಸಿಕೊಳ್ಳುವುದು ಸಾಧ್ಯವೇ ಇರಲಿಲ್ಲ.

ಬರೆದವರು ಯಾರು ಎಂದು ಯಾರೂ ಒಮ್ಮೆಯೂ ಕೇಳಲಿಲ್ಲ. ಲೇಖಕನಿಗೆ ಅಲ್ಲಿ ಇದ್ದ ಹೆಸರು 'ಬರದಾಂವ' ಎಂದಷ್ಟೇ. ಲೇಖಕಿಯಾದರೂ ಬರದಾಂವನೇ. ಆದರೆ ಯಾರು ಒಳ್ಳೆಯ ಲೇಖಕ ಎಂಬುದು ಮಾತ್ರ ಆ ಪಡಸಾಲೆಯಲ್ಲಿ ತಕ್ಷಣ ಗೊತ್ತಾಗುತ್ತಿತ್ತು. ಸಾಧಾರಣ ಪುಸ್ತಕವಾದರೆ ಶೇಂಗಾ ಒಡೆಯುವ ಚಟಚಟ ಸದ್ದು ಬಿಡದೆ ನಡೆದಿರುತ್ತಿತ್ತು. ಒಳ್ಳೆಯದಾದರೆ ಕೈಗಳು ನಿಲ್ಲುತ್ತಿದ್ದವು. ಹಾಗೆ ನಿಂತ ದಿನ ಸಂಜೆಗೆ ರಾಶಿ ರಾಶಿಯಾಗಿಯೇ ಉಳಿದಿರುತ್ತಿತ್ತು. "ಈ ಬರದಾಂವ ನಮ್ಮ ಕೆಲಸ ಕೆಡಿಸಿದ," ಎಂದು ಆಯಿ ಬೈಯುತ್ತಿದ್ದಳು. ಯಾವ ಲೇಖಕನಿಗಾದರೂ ಇದಕ್ಕಿಂತ ಹೆಚ್ಚಿನ ಪ್ರಶಸ್ತಿ ಇದೆಯೆಂದು ನನಗೆ ಅನಿಸುವುದಿಲ್ಲ.

ತೊಂದರೆ ಒಂದೇ. ಪುರಾಣವನ್ನು ಅಳುವ ಜಾಗದಲ್ಲಿ ನಿಲ್ಲಿಸಬಾರದು. ಶರಣರು ಕಷ್ಟದಲ್ಲಿದ್ದಾಗ ಕೇಳುವವರು ಎದ್ದು ಹೋದರೆ ಆ ಕಷ್ಟ ಅವರ ಮನೆಗೂ ಬರುತ್ತದೆ ಎಂಬುದು ಆಯಿಯ ಕಾನೂನು. ನಮ್ಮ ಹೊಸ ಲೇಖಕರೋ, ಪ್ರತಿ ಅಧ್ಯಾಯವನ್ನೂ ಹುಡುಗನನ್ನು ಬಾವಿಯ ಹಗ್ಗಕ್ಕೆ ನೇತುಹಾಕಿಯೇ ಮುಗಿಸುತ್ತಿದ್ದರು. ಅವನು ಮೇಲೆ ಬಂದು, ಮೈ ಒರೆಸಿಕೊಂಡು, ಊಟಕ್ಕೆ ಕೂಡುವ ತನಕ ನಾನು ಓದಲೇಬೇಕು. ಎಷ್ಟೋ ಸಲ ಮುಂದಿನ ಎರಡು ಅಧ್ಯಾಯ ಮುಗಿದರೂ ಅವನು ಊಟಕ್ಕೆ ಕೂಡುತ್ತಿರಲಿಲ್ಲ. ಆಗ ಆಯಿಯೇ ಅರ್ಥದಲ್ಲಿ ಅವನನ್ನು ಮೇಲೆತ್ತಿ, ರೊಟ್ಟಿ ಪಲ್ಯ ಉಣಿಸಿ, ಕರ್ಪೂರ ಹಚ್ಚಿಬಿಡುತ್ತಿದ್ದಳು. ಕರ್ಪೂರದ ಮುಂದೆ ಹೇಳಿದ್ದು ಹೇಳಿದ್ದೇ. ಅದನ್ನು ಮರುದಿನ ತಿರುಗಿಸುವಂತಿರಲಿಲ್ಲ. ಪುಸ್ತಕ ಬೇರೆ ಹೇಳಿದರೆ ಪುಸ್ತಕದ್ದೇ ತಪ್ಪು.

ಇಷ್ಟು ಹೊತ್ತು ನಗೆಯ ಮಾತಾಯಿತು. ಈಗ ನನ್ನ ಹೊಟ್ಟೆಯೊಳಗಿನ ಮಾತು.

ನನ್ನ ಎಸ್ಸೆಸ್ಸೆಲ್ಸಿ ಮುಗಿದಿತ್ತು. ಪಾಸಾಗುತ್ತೇನೆಂದು ಗೊತ್ತಿತ್ತು. ರಾಯಚೂರಿಗೆ ಹೋಗಿ ಕಾಲೇಜು ಸೇರಬೇಕೆಂದು ಒಳಗೊಳಗೇ ಸುಡುತ್ತಿದ್ದೆ. ಅಷ್ಟರಲ್ಲಿ ಮಾನ್ವಿಯಿಂದ ಸಂಬಂಧ ಬಂತು. ಹುಡುಗನ ಮನೆಯವರದು ಬಟ್ಟೆ ಅಂಗಡಿ. ಹುಡುಗನ ತಾಯಿ ನೀಲಮ್ಮ ಆಯಿಯ ತವರೂರಿನವರು, ಆಕೆಗೆ ಅಕ್ಕಾ ಎನ್ನುತ್ತಿದ್ದರು. ಅಪ್ಪ ಹತ್ತಿ ಅಡತಿಯಲ್ಲಿ ಗುಮಾಸ್ತ. ಒಳ್ಳೆಯ ಮನುಷ್ಯ, ತಾಯಿ ಹ್ಞೂಂ ಅಂದರೆ ಹ್ಞೂಂ. ಆಯಿ ಆಗಲೇ ಹ್ಞೂಂ ಅಂದಿದ್ದಳು. ನಾನು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎನ್ನುತ್ತೀರಿ. ಒದರಿ ಓದಲು ಬರುತ್ತಿದ್ದ ಹುಡುಗಿಗೆ ತನ್ನದೊಂದು ಮಾತು ಆಡಲು ಬಾಯಿ ಇರಲಿಲ್ಲ. ಆಗಿನ ನಮ್ಮ ಸ್ಥಿತಿಯೇ ಹಾಗಿತ್ತು.

ಆ ವಾರ ಬಸಣ್ಣ ಮಾಮಾ ತಂದದ್ದು ಈ ಸೈಕಲ್ ಹುಡುಗಿಯ ಪುಸ್ತಕ. ದೇವರಾಣೆ, ನಾನು ಹೇಳಿ ತರಿಸಿದ್ದಲ್ಲ. ಅಡ್ಡಣಿಗೆಯ ಮೇಲೆ ಇಟ್ಟೊಡನೆ ಸೂಗಮ್ಮ ಮುಖಪುಟ ನೋಡಿ, "ಅಯ್ಯ, ಹೆಣ್ಣುಮಗಳನ್ನ ಬರೀ ಹಣಿಲೆ ಕುಂದ್ರಸಬ್ಯಾಡ್ರಿ," ಎಂದು ಕುಂಕುಮ ಹಚ್ಚಿದಳು. ಕುಂಕುಮ ಬಂದ ಮೇಲೆ ಅರಿಷಿಣ ಬಿಟ್ಟರೆ ಹೇಗೆ? ಅದೂ ಬಂತು.

ಕತೆಯ ಹುಡುಗಿಯ ಹೆಸರು ನಳಿನಿ. ವಯಸ್ಸು ನನ್ನದೇ. ಓದಿನ ಆಸೆ ನನ್ನದೇ. ಮನೆಯವರು ಮದುವೆ ಗೊತ್ತುಮಾಡುತ್ತಾರೆ. ನಾನು ಓದುತ್ತಿದ್ದರೆ ನನ್ನ ದನಿ ನನಗೇ ಬೇರೆಯವರದ್ದು ಅನಿಸುತ್ತಿತ್ತು. ಬರೆದವರು ದೂರದ ಊರಿನವರು, ನಮ್ಮ ಬಿಸಿಲು ಕಂಡವರಲ್ಲ. ಆದರೆ ಹದಿನಾರರ ಹುಡುಗಿಯ ಗಂಟಲಿನಲ್ಲಿ ಮಾತು ಹೇಗೆ ಸಿಕ್ಕಿಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಚಟಚಟ ಸದ್ದು ಮೊದಲ ದಿನವೇ ನಿಂತುಹೋಯಿತು.

ಮೂರನೆಯ ದಿನ ನಳಿನಿ ನಸುಕಿನಲ್ಲಿ ಯಾರಿಗೂ ಹೇಳದೆ ಮನೆ ಬಿಟ್ಟಳು. ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬಳೇ ಕೂತಳು. ಮನೆಯಲ್ಲಿ ತಾಯಿ ಬಾಗಿಲು ಹಿಡಿದು ಅಳತೊಡಗಿದಳು. ಅಧ್ಯಾಯ ಮುಗಿಯಿತು.

ಮುಂದಿನ ಅಧ್ಯಾಯ ತೆರೆದೆ. ತಾಯಿ ಹಾಸಿಗೆ ಹಿಡಿದಿದ್ದಳು. ಒಂದೆರಡು ಪುಟ ಓದಿ ಇನ್ನು ಆಗುವುದಿಲ್ಲವೆಂದು ನಿಲ್ಲಿಸಿದೆ.

"ದೊಡ್ಡವ್ವಾ, ದೀಪ ಹಚ್ಚೋ ಹೊತ್ತಾತು. ಹಿಂಗ ಬಿಟ್ಟು ಹ್ಯಾಂಗ ಏಳೋದು? ಅರ್ಥ ನೀನ ಹೇಳು," ಎಂದಳು ಸೂಗಮ್ಮ.

ಆಯಿ ಬಹಳ ಹೊತ್ತು ಮುಖಪುಟದ ಹುಡುಗಿಯನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು:

"ಹೇಳದ ಹೋಗಿದ್ದು ತಪ್ಪು. ಆದ್ರ ಹೇಳಲಾಕ ಅಕಿಗಿ ಜಾಗ ಎಲ್ಲಿ ಬಿಟ್ಟಿದ್ರವ್ವಾ? ಅವರಪ್ಪ ಟೇಷನ್ನಿಗೆ ಹೋದ. ಬೈಲಿಲ್ಲ, ಬಡೀಲಿಲ್ಲ. ಮಗ್ಗಲಕ ಕುಂತ. 'ನಡಿಯವ್ವ, ಸಾಲಿ ಕಲೀಬೇಕಂದ್ರ ಹಿಂಗ ಕಳ್ಳರಂಗ ಯಾಕ ಹೋಗ್ತಿ, ಟ್ರಂಕ್ ಹಿಡಕೊಂಡು ಹೋಗು' ಅಂದ. ಮನಿಗಿ ಕರಕೊಂಡು ಬಂದ. ರೊಟ್ಟಿ ಬಡಿದು ಬುತ್ತಿ ಕಟ್ಟಿದ್ರು. ತಾನ ಹೋಗಿ ಕಾಲೇಜಿಗಿ ಬಿಟ್ಟು ಬಂದ. ಮದುವಿ ಎಲ್ಲಿ ಹೋಗ್ತದ? ಮದುವಿ ಕಾಯ್ತದ. ಹಚ್ರಿ ಕರ್ಪೂರ."

ಕರ್ಪೂರ ಹಚ್ಚಿದರು. ಕತೆಯೇ ಮುಗಿದಂತಾಯಿತೆಂದು ಅವತ್ತೇ ಕೊನೆಯ ಮಂಗಳವನ್ನೂ ಹಾಡಿಬಿಟ್ಟರು. ಆಯಿ ಹೇಳಿದ್ದು ನಳಿನಿಯ ಮಾತು. ನನ್ನ ಮಾತು ಅಂತ ಆಕೆಗೆ ಹೊಳೆದಿರಲಿಲ್ಲ. ಹೊಳೆದದ್ದು ಸೂಗಮ್ಮನಿಗೆ. ಪುಠಾಣಿ ಬಾಯಿಗೆ ಹಾಕಿಕೊಳ್ಳುತ್ತ ಆಕೆ ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣಿನಲ್ಲಿದೆ.

ಅದಾಗಿ ಸ್ವಲ್ಪ ದಿನಕ್ಕೆ ನೀಲಮ್ಮನವರು ಗಂಡನೊಡನೆ ಮಾತು ಗಟ್ಟಿ ಮಾಡಲು ಬಂದರು. ಮಂಡಾಳು ಒಗ್ಗರಣೆ, ಮಿರ್ಚಿ, ಚಹಾ ಎಲ್ಲ ಆಯಿತು. ನಾನು ಒಳಗೆ ಕಟ್ಟಿಗೆಯಂತೆ ಕೂತಿದ್ದೆ. ಅಪ್ಪ, "ಅವ್ವ ಹ್ಯಾಂಗ ಹೇಳಿದ್ರ ಹಂಗ್ರಿ," ಎಂದ. ಆಯಿ ಬಾಯಿ ತೆರೆಯಬೇಕು, ಅಷ್ಟರಲ್ಲಿ ಚಹಾದ ಕಪ್ಪು ಎತ್ತಲು ಬಂದಿದ್ದ ಸೂಗಮ್ಮ ಬಾಗಿಲಲ್ಲೇ ನಿಂತು, "ದೊಡ್ಡವ್ವಾ, ಮದುವಿ ಕಾಯ್ತದ ಅಂತ ಮೊನ್ನಿ ಕರ್ಪೂರದ ಮುಂದ ನೀನ ಹೇಳಿದ್ದಿಯಲ್ಲ?" ಎಂದಳು.

ಆಯಿಯ ಮುಖದ ಬಣ್ಣ ಬದಲಾಯಿತು. ಆಕೆಯ ಕಣ್ಣು ಗೋಡೆಯ ಗೂಡಿನಲ್ಲಿ ಪುಸ್ತಕ ಹೊತ್ತಿದ್ದ ಅಡ್ಡಣಿಗೆಯ ಕಡೆ ಹೋಯಿತು, ಅಲ್ಲಿಂದ ಒಳಗಿದ್ದ ನನ್ನ ಕಡೆ ಬಂತು. ಆಗ ಆಕೆಗೆ ತಿಳಿಯಿತು. ಆಡಿದ ಮಾತನ್ನು ನುಂಗುವ ಅಭ್ಯಾಸ ಆಕೆಗೆ ಇರಲಿಲ್ಲ.

"ಹೌದು, ಹೇಳೀನಿ," ಎಂದಳು. "ಕರ್ಪೂರದ ಮುಂದ ಹೇಳೀನಿ. ಓದು ಮುಗಿಯೋ ತನಕ ಮದುವಿ ಕಾಯ್ಬೇಕು ಅಂತ ಅದ."

ನೀಲಮ್ಮ ಕೇಳಿದರು: "ಯಾವ ಪುರಾಣದಾಗ ಅದ ಅಕ್ಕಾ ಇದು?"

ಆಯಿ ಬೆನ್ನು ನೆಟ್ಟಗೆ ಮಾಡಿ, ಜಗದ್ಗುರುಗಳ ಗಾಂಭೀರ್ಯದಿಂದ, "ನಳಿನಿ ಪುರಾಣದಾಗ," ಎಂದಳು.

ನೀಲಮ್ಮ ಗೂಡಿನ ಕಡೆ ಒಮ್ಮೆ ನೋಡಿದರು. ಆಮೇಲೆ ಕೈಮುಗಿದು ಗಂಡನ ಕಡೆ ತಿರುಗಿ, "ಹಂಗಾರ ಬಿಡ್ರಿ. ಪುರಾಣದ ಮಾತು ಮೀರಬಾರದು," ಎಂದರು. ಅವರ ಗಂಡನೂ ಕೈಮುಗಿದ. ಅಪ್ಪನೂ ಮುಗಿದ. ಸಂಬಂಧ ಅಲ್ಲಿಗೆ ನಿಂತಿತು, ಜಗಳವಿಲ್ಲದೆ, ಕೈಮುಗಿದುಕೊಂಡು.

ಪುಸ್ತಕ ವಾಪಸು ಹೋದಾಗ ಅಂಗಡಿಯ ಸಾಬರು ಕುಂಕುಮ ನೋಡಿ ಮುಟ್ಟಲೇ ಇಲ್ಲವಂತೆ. "ಪೂಜಾ ಮಾಡಿದ ಕಿತಾಬು. ಇದನ್ನ ಕಿರಾಯಕ್ಕ ಹ್ಯಾಂಗ ಕೊಡ್ಲಿ? ನೀವ ಇಟ್ಕೊಳ್ರಿ," ಎಂದರಂತೆ. ಹೀಗೆ ಅದು ನನ್ನದಾಯಿತು. ಮಂಗಳವಾದ ಪುರಾಣದ ಮುಂದಿನ ಹಾಳೆ ತಿರುವಬಾರದು ಎಂದು ಆಯಿ ಕಟ್ಟಪ್ಪಣೆ ಮಾಡಿದ್ದರಿಂದ ಉಳಿದ ಅಧ್ಯಾಯಗಳನ್ನು ನಾನು ಇವತ್ತಿಗೂ ಓದಿಲ್ಲ. ಕನ್ನಡ ಮೇಡಮ್ಮು, ಎಂ.ಎ. ಆದವಳು, ಹೀಗೆ ಹೇಳಬಾರದು. ಏನು ಮಾಡಲಿ, ಕೈ ಬರುವುದಿಲ್ಲ.

ಜೂನಿನಲ್ಲಿ ಬಸಣ್ಣ ಮಾಮಾನ ಬಸ್ಸಿನಲ್ಲಿಯೇ ರಾಯಚೂರಿಗೆ ಹೊರಟೆ. ಅಪ್ಪ ಟ್ರಂಕನ್ನು ಬಸ್ಸಿನ ಮೇಲೆ ಹಾಕಿದ. ಅವ್ವ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದಳು. ಹಟ ಹಿಡಿದು ಆಯಿಯೂ ಬಂದಳು; ಕಿಟಕಿಯ ಪಕ್ಕ ಕೂತಳು. ಊರು ದಾಟಿದ ಮೇಲೆ ಮೆಲ್ಲಗೆ ಕೇಳಿದಳು:

"ಗಂಗಿ, ಖರೇ ಹೇಳು. ಪುಸ್ತಕದಾಗ ಆ ಹುಡುಗಿ ಕಡೀಕ ಏನಾದ್ಲು?"

"ಗೊತ್ತಿಲ್ಲ ಆಯಿ. ಓದಿಲ್ಲ."

"ಓದಬ್ಯಾಡ," ಎಂದಳು. "ಬರದಾಂವ ಅಕಿನ್ನ ಅಲ್ಲೇ ಟೇಷನ್ನಿನಾಗ ಬಿಟ್ಟಿದ್ರ ಬಿಟ್ಟಿರಲಿ. ನಾವು ಕರಕೊಂಡು ಹೊಂಟೀವಲ್ಲ."

ನಾನು ಆಕೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಆಯಿ ಈಗಿಲ್ಲ. ಇದನ್ನು ಬರೆಯುವಾಗಲೂ ಅಳು ಬರುತ್ತಿದೆ, ಬರಲಿ.

ಮುಂದಿನದು ಬೇಗ ಹೇಳುತ್ತೇನೆ. ಓದು ಮುಗಿಯಿತು, ನೌಕರಿ ಸಿಕ್ಕಿತು. ಮದುವೆ ನಿಜವಾಗಿಯೂ ಕಾದಿತ್ತು, ತಕ್ಕ ಹೊತ್ತಿಗೆ ಆಯಿತು. ಮಾನ್ವಿಗೆ ಸೊಸೆಯಾಗಿ ಹೋಗಬೇಕಿದ್ದವಳನ್ನು ಸರಕಾರ ಟೀಚರ್ ಮಾಡಿ ಅದೇ ಮಾನ್ವಿಗೆ ಕಳಿಸಿತು. ಇಲ್ಲಿ ಬಂದ ಹೊಸತರಲ್ಲಿ ನೀಲಮ್ಮನವರ ಓಣಿ ಕಂಡರೆ ದಾರಿ ಬದಲಿಸುತ್ತಿದ್ದೆ. ಹೆಡ್‌ಮಾಸ್ತರರ ಕಾಗದವನ್ನು ಇನ್ನೂ ಖಾಲಿ ಇಟ್ಟುಕೊಂಡು ಮೊನ್ನೆ ಕಾಯಿಪಲ್ಯೆ ಸಂತೆಯಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ ತೋಳು ಹಿಡಿದರು.

"ನಳಿನಿ ಪುರಾಣದಾಕಿ ನೀ ಅಲ್ಲೇನ?"

ನೀಲಮ್ಮನವರೇ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಬದನೆಕಾಯಿಯಂತೆ ಬಣ್ಣಗೆಟ್ಟು ನಿಂತೆ.

"ಅಂಜಬ್ಯಾಡವ್ವ. ನನಗ ಅವತ್ತೇ ಗೊತ್ತಿತ್ತು," ಎಂದು ನಕ್ಕರು. "ಪುರಾಣದಾಗ ಸೈಕಲ್ ಹಿಡಕೊಂಡ ಹೆಣ್ಣುಮಗಳು ಎಲ್ಲಿ ಅದಾಳ? ಗೂಡಿನಾಗ ಕಾಣಾಕತ್ತಿತ್ತು. ಆದ್ರ ನಿಮ್ಮ ಆಯಿ ಮಾರಿ ನೋಡಿದೆ. ಒಳಗ ನಿನ್ನ ಮಾರಿನೂ ನೋಡಿದೆ. ನನ್ನ ಮದುವಿ ಆದಾಗ ನಾನೂ ಸಣ್ಣಾಕಿ. ನನಗ ಅಂಥಾ ಪುರಾಣ ಹೇಳವರು ಯಾರೂ ಇದ್ದಿದ್ದಿಲ್ಲ."

ಆಮೇಲೆ ದನಿ ತಗ್ಗಿಸಿದರು. ಅವರ ಮಗಳ ಮಗಳು ಮಂಜುಳಾ ನನ್ನದೇ ಹತ್ತನೇ ತರಗತಿಯಲ್ಲಿದ್ದಾಳೆ. ಅಪ್ಪ ಗಂಡು ನೋಡುತ್ತಿದ್ದಾನಂತೆ. "ಅಳಿಯಗ ನಾ ಹೇಳಿದ್ರ ಕೇಳಂಗಿಲ್ಲ. ಆದ್ರ ಪುರಾಣ ಅಂದ್ರ ಬಂದು ಕುಂದರತಾನ. ಆ ಪುಸ್ತಕ ಅದ ಏನ ಇನ್ನ?"

ಹೆಡ್‌ಮಾಸ್ತರರಿಗೆ ಹೆಸರುಗಳನ್ನು ಬರೆದುಕೊಟ್ಟೆ. ಕೈ ನಿಲ್ಲಿಸುವಂತೆ ಬರೆಯುವವರೇ ಅವರೆಲ್ಲ. ಇಲ್ಲಿ ಹೇಳುವುದಿಲ್ಲ, ಬಿಟ್ಟುಹೋದವರು ಮುನಿಸಿಕೊಳ್ಳುತ್ತಾರೆ. ಮಕ್ಕಳು ಅವರನ್ನು ಓದಲಿ. ಒಳ್ಳೆಯ ಲೇಖಕರು ಹುಡುಗಿಯನ್ನು ಸ್ಟೇಷನ್ ತನಕ ಕರೆತರುತ್ತಾರೆ. ಅಲ್ಲಿಂದ ಮುಂದೆ ಓಣಿಯ ಒಬ್ಬರಾದರೂ ಬೇಕು.

ನೀಲಮ್ಮನವರ ಪಡಸಾಲೆಯಲ್ಲಿ ನಿನ್ನೆಗೆ ಓದಿನ ಮೂರನೆಯ ಸಂಜೆ; ಅಡ್ಡಣಿಗೆ ಇಟ್ಟಿದ್ದರು. ಹೆಂಗಸರ ನಡುವೆ ಶೇಂಗಾ ರಾಶಿ ಇತ್ತು. ಅಳಿಯ ಕಂಬಕ್ಕೊರಗಿ, ಕೈಕಟ್ಟಿ ಕೂತಿದ್ದ. ಮಂಜುಳಾ ಓದಿದಳು. ಮೊದಲೆರಡು ದಿನ ಅವಳ ದನಿ ಹೊಸ್ತಿಲು ದಾಟಿರಲಿಲ್ಲ. ನಳಿನಿ ಮನೆ ಬಿಡುವ ಹೊತ್ತಿಗೆ ಇಡೀ ಓಣಿಗೆ ಕೇಳುತ್ತಿತ್ತು. ಚಟಚಟ ನಿಂತಿತು. ಸ್ಟೇಷನ್ನಿನ ಬೆಂಚು ಬಂತು, ತಾಯಿಯ ಅಳು ಬಂತು, ಅವಳು ಓದು ನಿಲ್ಲಿಸಿದಳು. ಪುಸ್ತಕದಿಂದ ತಲೆಯೆತ್ತಿ ಅವಳು ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಅಳಿಯನೇ ಕೇಳಿದ: "ಮುಂದ ಏನಾತ್ರಿ ಟೀಚರ್?"

ನಾನು ಸೆರಗು ಸರಿಮಾಡಿಕೊಂಡೆ.

"ಅವರಪ್ಪ ಟೇಷನ್ನಿಗೆ ಹೋದ," ಎಂದೆ.

ನೀಲಮ್ಮನವರು ಕರ್ಪೂರಕ್ಕೆ ಕಡ್ಡಿ ಗೀರಿದರು.